ಓದುಗರ ಪ್ರಶ್ನೆ: ಹೊಳೆಸಾಲಿನ ಜಾಗ, ನೆರೆಯ ಮಟ್ಟ ಮತ್ತು ಮನೆ ಕಟ್ಟುವ ಕಾನೂನು

ಬೇಸಿಗೆಯಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವಾಟಣಿ (ಆಸ್ತಿ ಪಾಲು), ಉತಾರ (ಜಮೀನಿನ ದಾಖಲೆ), ಹದ್ದುಬಸ್ತಿನ (ಗಡಿ ಅಳತೆಯ) ಪ್ರಶ್ನೆಗಳೇ ಹೆಚ್ಚು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದ ವಾರದಿಂದ ಹೊಳೆಸಾಲಿನ ಪ್ಲಾಟುಗಳ ಬಗ್ಗೆ ಪತ್ರಗಳು ಬರತೊಡಗುತ್ತವೆ. ಈ ಸಲ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಅಂಥ ಆರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಓದುಗರ ಕೋರಿಕೆಯಂತೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಗೋಕಾಕದ ಹತ್ತಿರ ಘಟಪ್ರಭಾ ನದಿಯಿಂದ ಸುಮಾರು 300 ಮೀಟರ್ ದೂರದಲ್ಲಿ ಒಂದು ಪ್ಲಾಟ್ ನೋಡಿದ್ದೇನೆ. ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆ, ಬ್ಯಾಂಕು ಸಾಲ ಕೊಡಲು ಒಪ್ಪಿದೆ. 2019ರಲ್ಲಿ ಅಲ್ಲಿ ಎರಡು ದಿನ ನೀರು ನಿಂತಿದ್ದು ನಿಜವೆಂದೂ, ಆದರೆ ಅದು ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರವೆಂದೂ, ಇನ್ನು ಮೊಮ್ಮಕ್ಕಳ ಕಾಲದವರೆಗೆ ಚಿಂತೆಯಿಲ್ಲವೆಂದೂ ಏಜೆಂಟರು ಹೇಳುತ್ತಾರೆ. ನದಿಯಿಂದ ಎಷ್ಟು ಅಡಿ ಬಿಟ್ಟು ಮನೆ ಕಟ್ಟಬೇಕೆಂದು ಕಾನೂನು ಹೇಳುತ್ತದೆ?

ಉತ್ತರ: ನೀವು ಒಂದು ಅಂಕಿಯನ್ನು ಕೇಳುತ್ತಿದ್ದೀರಿ. ನೆರೆ ಬಯಲಿಗೆಂದೇ ಮಾಡಿದ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲಿ ಇಲ್ಲದಿರುವುದರಿಂದ, ರಾಜ್ಯದ ಎಲ್ಲ ನದಿಗಳಿಗೂ ಅನ್ವಯಿಸುವ ಅಂಥ ಒಂದು ಅಂಕಿಯನ್ನು ಕೊಡಲಾಗುವುದಿಲ್ಲ. ಕೇಂದ್ರ ಜಲ ಆಯೋಗ 1975ರಲ್ಲಿಯೇ ಒಂದು ಮಾದರಿ ಮಸೂದೆಯನ್ನು ಎಲ್ಲ ರಾಜ್ಯಗಳಿಗೆ ಕಳುಹಿಸಿತ್ತು. ನದಿಯ ಬಯಲನ್ನು ಅಳತೆ ಮಾಡಿ, ಏನನ್ನೂ ಕಟ್ಟಬಾರದ ಪಟ್ಟಿ, ಷರತ್ತಿನ ಮೇಲೆ ಕಟ್ಟಬಹುದಾದ ಪಟ್ಟಿ, ಎಚ್ಚರಿಕೆ ಮಾತ್ರ ಸಾಕಾಗುವ ಪಟ್ಟಿ ಎಂದು ವಿಂಗಡಿಸಬೇಕೆಂಬುದು ಅದರ ಸಾರ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಅದನ್ನು ಕಾಯ್ದೆಯಾಗಿ ಮಾಡಿಕೊಂಡವು. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆಯರನ್ನು ಒಡಲಲ್ಲಿ ಇಟ್ಟುಕೊಂಡ ನಮ್ಮ ರಾಜ್ಯ ಮಾಡಿಕೊಳ್ಳಲಿಲ್ಲ.

ಹಾಗೆಂದು ನಿಯಮವೇ ಇಲ್ಲ ಎಂದುಕೊಳ್ಳಬಾರದು. ಅದು ನಾಲ್ಕಾರು ಕಡೆ ಹಂಚಿಹೋಗಿದೆ. ಪ್ಲಾಟು ನಗರ ಯೋಜನಾ ಪ್ರದೇಶದ ಒಳಗಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಆ ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಅದಕ್ಕೆ ಸೇರಿದ ವಲಯ ನಿಯಮಾವಳಿಯೇ ಅಂತಿಮ. ಕಲಂ 14ರಂತೆ ಯಾವ ಕಟ್ಟಡವೂ ಅದಕ್ಕೆ ವಿರುದ್ಧವಾಗಿ ಇರುವಂತಿಲ್ಲ. ನದಿ, ಹಳ್ಳ, ಕೆರೆಗಳ ಅಂಚಿನಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕೆಂಬುದು ಇರುವುದು ಈ ನಿಯಮಾವಳಿಯಲ್ಲಿ. ಯೋಜನಾ ಪ್ರದೇಶದ ಹೊರಗಿದ್ದರೆ 1993ರ ಪಂಚಾಯತ್ ರಾಜ್ ಕಾಯ್ದೆಯ ಕಲಂ 64ರಡಿ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಇವೆರಡಕ್ಕೂ ಮೊದಲು 1964ರ ಭೂಕಂದಾಯ ಕಾಯ್ದೆಯ ಕಲಂ 95ರಡಿ ಭೂಪರಿವರ್ತನೆ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಎನ್.ಎ., ಆಗಿರಬೇಕು.

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಎನ್.ಎ. ಆದೇಶ ಹೇಳುವುದು ಇಷ್ಟೇ: ಈ ಜಮೀನನ್ನು ಒಕ್ಕಲುತನದ ಬದಲು ವಾಸಕ್ಕೆ ಬಳಸಲು ಸರ್ಕಾರದ ಅಭ್ಯಂತರವಿಲ್ಲ. ಆ ಜಮೀನಿಗೆ ನೀರು ಬರುವುದಿಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬ್ಯಾಂಕಿನ ವಕೀಲರೂ ನೋಡುವುದು ಹಕ್ಕಿನ ಸರಪಳಿಯನ್ನು, ಹೊಳೆಯ ಮಟ್ಟವನ್ನಲ್ಲ.

ಇನ್ನು 'ನೂರು ವರ್ಷಕ್ಕೊಮ್ಮೆ' ಎಂಬ ಮಾತು. ಒಮ್ಮೆ ಬಂದ ಮೇಲೆ ನೂರು ವರ್ಷ ರಜೆ ಎಂಬ ಅರ್ಥ ಅದಕ್ಕಿಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಪೂರ ಬರುವ ಸಾಧ್ಯತೆ ನೂರರಲ್ಲಿ ಒಂದು ಎಂದಷ್ಟೇ ಅರ್ಥ, ಮತ್ತು ಪ್ರತಿ ವರ್ಷವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನೀವು ಆ ಮನೆಯಲ್ಲಿ 30 ವರ್ಷ ಇರುತ್ತೀರೆಂದುಕೊಂಡರೆ, ಅಷ್ಟರಲ್ಲಿ ಒಮ್ಮೆಯಾದರೂ ಆ ಪೂರವನ್ನು ನೋಡುವ ಸಾಧ್ಯತೆ ಸುಮಾರು ಶೇ 26. ಇಪ್ಪತ್ತೈದು ವರ್ಷಕ್ಕೊಮ್ಮೆ ಎನ್ನುವ ಪೂರವಾದರೆ ಅದೇ 30 ವರ್ಷಗಳಲ್ಲಿ ಸುಮಾರು ಶೇ 71. ಗೋಕಾಕದ ಮಟ್ಟಿಗಂತೂ ಲೆಕ್ಕಾಚಾರದ ಅಗತ್ಯವೇ ಇಲ್ಲ: ಅಲ್ಲಿ ಘಟಪ್ರಭೆಯ ಮೇಲಿರುವ ಲೋಳಸೂರ ಸೇತುವೆ 2019ರಲ್ಲಷ್ಟೇ ಅಲ್ಲ, 2021 ಮತ್ತು 2024ರಲ್ಲೂ ಮುಳುಗಿತು. ಮೇಲ್ಭಾಗದಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ 51 ಟಿಎಂಸಿ ನೀರನ್ನು ಗೇಟು ಹಾಕಿ ಹಿಡಿದಿಟ್ಟರೂ ಅದರ ಕೆಳಗೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ತಮ್ಮ ನೀರನ್ನು ತಂದು ಘಟಪ್ರಭೆಗೆ ಸುರಿಯುತ್ತವೆ ಎಂಬುದನ್ನು ಹೊರಗಿನಿಂದ ಬಂದು ಜಾಗ ಕೊಳ್ಳುವವರು ಮರೆಯುತ್ತಾರೆ.

ಹೀಗಾಗಿ 'ಎಷ್ಟು ದೂರ' ಎಂಬ ಪ್ರಶ್ನೆಗಿಂತ 'ಎಷ್ಟು ಎತ್ತರ' ಎಂಬುದನ್ನು ಮೊದಲು ಕೇಳಿಕೊಳ್ಳಿ. ದಂಡೆಗೆ 50 ಮೀಟರ್ ಹತ್ತಿರವಿದ್ದರೂ ಮಡ್ಡಿಯ ಮೇಲಿನ ಮನೆ ಒಣಗಿರುತ್ತದೆ. ಒಂದು ಕಿಲೋಮೀಟರ್ ದೂರವಿದ್ದರೂ ಹಳ್ಳದ ತಗ್ಗಿನಲ್ಲಿರುವ ಮನೆಗೆ ನದಿ ಹಿಂದಿನಿಂದ ಬಂದು ಹೊಗುತ್ತದೆ. ಇದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಪ್ಲಾಟಿನ ಆಸುಪಾಸಿನ ಹಳೆಯ ಅಂಗಡಿ, ಗುಡಿ ಅಥವಾ ಶಾಲೆಯ ಗೋಡೆಯನ್ನು ನೋಡಿ. ಸುಣ್ಣ ಬಳಿದಿದ್ದರೂ 2019ರ ರಾಡಿಯ ಗೆರೆ ಒಂದಿಲ್ಲೊಂದು ಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ಮೀಟರ್ ಪೆಟ್ಟಿಗೆಯ ಅಡಿಯಲ್ಲಿ ಉಳಿದಿರುತ್ತದೆ. ಗೌಂಡಿಯವರ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಗಾಳಿಯ ಗುಳ್ಳೆಗಳನ್ನು ಪೂರ್ತಿ ಹೊರಗೆ ಬಿಟ್ಟು, ಒಂದು ತುದಿಯನ್ನು ಆ ಗೆರೆಗೆ ಹಿಡಿದು ಇನ್ನೊಂದನ್ನು ನಿಮ್ಮ ಪ್ಲಾಟಿನ ಗೂಟಕ್ಕೆ ಹಿಡಿದರೆ, ನೀರು ನಿಮ್ಮ ಜಾಗದಲ್ಲಿ ಎಲ್ಲಿಯವರೆಗೆ ಬಂದಿತ್ತೆಂಬುದು ಕಣ್ಣಿಗೇ ಕಾಣುತ್ತದೆ. ದೂರ ಹೆಚ್ಚಿದ್ದರೆ ಆಟೋ ಲೆವೆಲ್ ಇಟ್ಟುಕೊಂಡ ಸರ್ವೇಯರನ್ನು ಒಂದು ಮುಂಜಾನೆ ಕರೆಸಿಕೊಳ್ಳಿ. ಲಕ್ಷಗಟ್ಟಲೆ ಬೆಲೆಯ ಪ್ಲಾಟಿಗೆ ಇದು ಅತ್ಯಂತ ಅಗ್ಗದ ತಪಾಸಣೆ, ಆದರೆ ಮಾಡಿಸಿದವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. ಗೆರೆ ಪ್ಲಾಟಿನ ನೆಲಕ್ಕಿಂತ ಮೂರು ನಾಲ್ಕು ಅಡಿ ಮೇಲಿದ್ದರೆ ಆ ಪ್ಲಾಟನ್ನು ಬಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಎರಡು ದಿನ ನೀರು ನಿಂತಿತ್ತು ಎಂದು ಏಜೆಂಟರೇ ಒಪ್ಪಿಕೊಂಡಿರುವಾಗ, ನಿಜವಾಗಿ ಎಷ್ಟು ದಿನ ನಿಂತಿತ್ತೆಂಬುದನ್ನು ಪಕ್ಕದ ಮನೆಯವರನ್ನು ಕೇಳಿ.

ಪ್ರಶ್ನೆ: ಬೆಳಗಾವಿಯಲ್ಲಿ ಬಳ್ಳಾರಿ ನಾಲಾದ ಸಮೀಪ ನಮ್ಮ ಕಾಕಾ ಅವರ ಹೊಲವಿದೆ. ಈಗ ಅಲ್ಲಿ ಪ್ಲಾಟು ಮಾಡಿ ಮಾರುವ ಮಾತು ನಡೆದಿದೆ. ನಾಲಾದಿಂದ 75 ಮೀಟರ್ ಬಿಡಬೇಕೆಂದು ಒಬ್ಬರೂ, 30 ಮೀಟರ್ ಸಾಕೆಂದು ಇನ್ನೊಬ್ಬರೂ ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೆಂಗಳೂರಿನ ಅಂಕಿಗಳು, ಮೇಲಾಗಿ ಎರಡೂ ಕೆರೆಗೆ ಸಂಬಂಧಿಸಿದವು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25 ಮತ್ತು 15 ಮೀಟರ್ ಎಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತು; 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಏರಿಕೆಯನ್ನು ರದ್ದುಮಾಡಿ, ಮಹಾಯೋಜನೆಯಲ್ಲಿ ಇರುವುದನ್ನು ನ್ಯಾಯಮಂಡಳಿ ಬದಲಾಯಿಸುವಂತಿಲ್ಲ ಎಂದಿತು. ಈ ತೀರ್ಪಿನಿಂದ ಬೆಳಗಾವಿಯವರು ತೆಗೆದುಕೊಳ್ಳಬೇಕಾದದ್ದು ಅಂಕಿಯನ್ನಲ್ಲ, ತತ್ವವನ್ನು: ನಿಮ್ಮ ಊರಿನ ಮಹಾಯೋಜನೆಯ ನಿಯಮಾವಳಿಯಲ್ಲಿ ಬರೆದದ್ದೇ ನಿಮಗೆ ಕಾನೂನು. ಆದ್ದರಿಂದ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸರ್ವೆ ನಂಬರು ಹಾಕಿ ಅರ್ಜಿ ಕೊಟ್ಟು, ಆ ನಂಬರು ಯಾವ ವಲಯದಲ್ಲಿದೆ ಎಂಬ ದೃಢೀಕರಣವನ್ನೂ, ನಾಲಾ ಅಂಚಿಗೆ ಸಂಬಂಧಿಸಿದ ನಿಯಮದ ಪ್ರತಿಯನ್ನೂ ಬರಹದಲ್ಲಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಇದೆ. 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಬಾಯಿಮಾತಿನ 'ನಡೀತದ್ರೀ' ಎಂಬುದನ್ನು ಮಾತ್ರ ನಂಬಬೇಡಿ.

ಇದರ ಜೊತೆಗೆ ಪಹಣಿಯ 3ನೇ ಕಾಲಮ್ಮನ್ನು ನೋಡಿ. ಅಲ್ಲಿ 'ಬಿ ಖರಾಬು' ಎಂದು ಎಷ್ಟು ಗುಂಟೆ ಬರೆದಿದೆಯೋ ಅಷ್ಟು ನಿಮ್ಮ ಕಾಕಾ ಅವರದಲ್ಲ. ಹಳ್ಳ, ದಾರಿ, ಕೆರೆಯ ಅಂಗಳದಂಥ ಸಾರ್ವಜನಿಕ ಉಪಯೋಗದ ನೆಲವನ್ನು ಹಾಗೆ ಗುರುತಿಸಲಾಗುತ್ತದೆ, ಮತ್ತು ಭೂಕಂದಾಯ ಕಾಯ್ದೆಯ ಕಲಂ 67ರಂತೆ ನದಿ, ಹಳ್ಳ, ನಾಲಾಗಳ ಪಾತ್ರ ಸರ್ಕಾರದ ಸೊತ್ತು. ಗ್ರಾಮ ನಕ್ಷೆಯಲ್ಲಿ ಹಳ್ಳವೊಂದು ಹೊಲದ ನಡುವೆ ಹಾದಿದ್ದು, ನೆಲದ ಮೇಲೆ ಅದು ಕಾಣದೆ ಸಮತಟ್ಟಾಗಿದ್ದರೆ ಸಂತೋಷಪಡಬೇಡಿ. ಯಾರೋ ಮುಚ್ಚಿದ್ದಾರೆ ಎಂದರ್ಥ, ಮತ್ತು ಮಳೆಗಾಲದಲ್ಲಿ ನೀರು ನಕ್ಷೆಯನ್ನೇ ಅನುಸರಿಸುತ್ತದೆ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಹೊಲದಲ್ಲಿ ನಿಂತೇ ಸರ್ವೆ ನಂಬರು ಮತ್ತು ಖರಾಬಿನ ವಿವರ ನೋಡಬಹುದು, ಆದರೆ ಕೋರ್ಟಿನಲ್ಲಿ ನಿಲ್ಲುವುದು ಮೋಜಣಿ (ಭೂಮಾಪನ) ಇಲಾಖೆಯ ಅಳತೆಯೇ ಹೊರತು ಮೊಬೈಲಿನ ಚಿತ್ರವಲ್ಲ.

ನೀವು ಕೇಳದಿದ್ದರೂ ಒಂದು ಮಾತು. ಮಳೆಗಾಲದಲ್ಲಿ ಬಳ್ಳಾರಿ ನಾಲಾ ಉಕ್ಕಿ ಭತ್ತದ ಗದ್ದೆಗಳಲ್ಲಿ ಹರಡಿಕೊಂಡರೆ ಅದನ್ನು ನಷ್ಟವೆಂದು ಬರೆಯುತ್ತೇವೆ, ಅದು ನಿಜವೂ ಹೌದು. ಆದರೆ ಆ ಗದ್ದೆಗಳು ನೀರನ್ನು ಹಿಡಿದಿಡದಿದ್ದರೆ ಅದೇ ನೀರು ಶಹಾಪುರ, ವಡಗಾವಿ ಕಡೆಯ ಓಣಿಗಳಿಗೆ ನುಗ್ಗುತ್ತಿತ್ತು. ಕಾಕಾ ಅವರ ಹೊಲ ಪ್ಲಾಟಾದ ದಿನದಿಂದ ಆ ನೀರಿಗೆ ಬೇರೆ ಜಾಗ ಬೇಕಾಗುತ್ತದೆ. ಮಾರುವ ನಿರ್ಧಾರ ಅವರದೇ. ಮಾರುವುದೇ ಆದರೆ ತಗ್ಗಿನ ಭಾಗವನ್ನು ಲೇಔಟಿನ ಉದ್ಯಾನ ಮತ್ತು ಬಯಲು ಜಾಗಕ್ಕೆ ತೋರಿಸುವಂತೆ ನಕ್ಷೆ ಮಾಡಿಸಿ. ಹೇಗಿದ್ದರೂ ಯೋಜನಾ ಕಾಯ್ದೆಯ ಕಲಂ 17ರ ಮಂಜೂರಾತಿಗೆ ಅಂಥ ಜಾಗ ಬಿಡಲೇಬೇಕು. ಒಟ್ಟು ವಿಸ್ತೀರ್ಣ 500 ಚದರ ಮೀಟರ್ ದಾಟಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯೂ ಬೇಕಾಗುತ್ತದೆ, ಮತ್ತು ಜಾಹೀರಾತಿನಲ್ಲಿ 'ನೀರು ಬರುವುದಿಲ್ಲ' ಎಂದು ಸುಳ್ಳು ಬರೆದು ಮಾರಿದರೆ ಕೊಂಡವರು ಪರಿಹಾರ ಕೇಳುವ ಹಕ್ಕು ಆ ಕಾಯ್ದೆಯ ಕಲಂ 12ರಲ್ಲಿದೆ.

ಪ್ರಶ್ನೆ: ಬಾಗಲಕೋಟೆ ತಾಲ್ಲೂಕಿನಲ್ಲಿ ಹಿನ್ನೀರಿನ ಸಮೀಪ ಎರಡು ಎಕರೆ ಜಮೀನು ಕಡಿಮೆ ಬೆಲೆಗೆ ಸಿಗುತ್ತಿದೆ. ಈಗ ನೀರು ಅಲ್ಲಿಗೆ ಬರುವುದಿಲ್ಲ. ಅಲ್ಲಿ ಮನೆ ಮತ್ತು ಕೋಳಿ ಸಾಕಾಣಿಕೆಯ ಶೆಡ್ ಕಟ್ಟಬಹುದೇ?

ಉತ್ತರ: ಬೆಲೆ ಏಕೆ ಕಡಿಮೆ ಎಂಬುದರಲ್ಲೇ ನಿಮ್ಮ ಉತ್ತರವಿದೆ. ಅದು ಆಲಮಟ್ಟಿ ಜಲಾಶಯದ ಹಿನ್ನೀರು; ಆ ಜಲಾಶಯದ ಈಗಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ನದಿ ನೀರು ಹಂಚುವ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿದೆ. ನಡುವಿನ ಅಂತರ 4.656 ಮೀಟರ್, ಅಂದರೆ ಹದಿನೈದು ಅಡಿಗೂ ಸ್ವಲ್ಪ ಹೆಚ್ಚು. ಈ ಹದಿನೈದು ಅಡಿಯ ಒಳಗೆ ಬರುವ ಜಮೀನು ಇಂದು ಒಣಗಿದ್ದರೂ ಯೋಜನೆಯ ಕಾಗದದಲ್ಲಿ ಮುಳುಗಡೆಯ ಜಮೀನು. ಹಳೆಯ ಬಾಗಲಕೋಟೆಯ ಬಜಾರನ್ನು ಬಿಟ್ಟು ನವನಗರಕ್ಕೆ ಬಂದ ಜಿಲ್ಲೆಯವರಿಗೆ ಮುಳುಗಡೆ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ.

ಕೊಳ್ಳುವ ಮುನ್ನ ಎರಡು ಕೆಲಸ ಮಾಡಿ. ಪಹಣಿಯ 11ನೇ ಕಾಲಮ್ಮಿನಲ್ಲಿ ಭೂಸ್ವಾಧೀನದ ನಮೂದು ಇದೆಯೇ ನೋಡಿ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಸುಮ್ಮನಾಗದೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಭೂಸ್ವಾಧೀನ ಕಚೇರಿಯಲ್ಲಿ ಆ ಸರ್ವೆ ನಂಬರಿಗೆ ಪ್ರಾಥಮಿಕ ಅಧಿಸೂಚನೆ ಹೊರಟಿದೆಯೇ ಎಂದು ಲಿಖಿತವಾಗಿ ಕೇಳಿ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 11ರ ಪ್ರಕಾರ ಅಂಥ ಅಧಿಸೂಚನೆ ಪ್ರಕಟವಾದ ದಿನದಿಂದ ಪ್ರಕ್ರಿಯೆ ಮುಗಿಯುವವರೆಗೆ ಆ ಜಮೀನನ್ನು ಮಾರುವಂತಿಲ್ಲ, ಅದರ ಮೇಲೆ ಋಣಭಾರ ಹಾಕುವಂತಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದವರ ನಷ್ಟವನ್ನು ಜಿಲ್ಲಾಧಿಕಾರಿ ತುಂಬಿಕೊಡುವುದಿಲ್ಲ. ಶೆಡ್ ಕಟ್ಟಿದರೆ ಅದಕ್ಕೂ ಪರಿಹಾರ ಸಿಗುತ್ತದೆ ಎಂದು ಲೆಕ್ಕ ಹಾಕಿ ಕಟ್ಟುವವರು ನಮ್ಮಲ್ಲಿ ಇದ್ದಾರೆ. ಆ ದಾರಿ ಹಿಡಿಯಬೇಡಿ.

ಎರಡನೆಯ ಕೆಲಸ ಮತ್ತೆ ಮಟ್ಟದ್ದೇ. ಜಮೀನಿನ ಅತಿ ತಗ್ಗಿನ ಮೂಲೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಸರ್ವೇಯರರಿಂದ ಅಳೆಯಿಸಿ. 524.256ಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಸಾಕೆಂದು ತಿಳಿಯಬೇಡಿ. ನೀರು ನಿಂತಿರುವಾಗ ಮಾತ್ರ ಜಲಾಶಯದ ಮೇಲ್ಮೈ ಸಮತಟ್ಟು. ಮಹಾಪೂರ ಹರಿದು ಬರುವಾಗ ಅಣೆಕಟ್ಟಿನಿಂದ ಮೇಲಕ್ಕೆ ಹೋದಂತೆ ನೀರಿನ ಮಟ್ಟ ಏರುತ್ತ ಹೋಗುತ್ತದೆ. ಅಣೆಕಟ್ಟಿನ ಬಳಿ 519 ತೋರಿಸುವ ದಿನ ಘಟಪ್ರಭೆಯ ಹಿನ್ನೀರಿನ ತುದಿಯ ಹಳ್ಳಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ತೀರ್ಪಿನ ಪ್ರಕಟಣೆ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ, ಅಣೆಕಟ್ಟು ಏರಿಸುವುದು ಯಾವ ಕಾಲಕ್ಕೋ ಎಂದು ಮಾರುವವರು ಹೇಳಬಹುದು. ಸಿಕ್ಕಿಕೊಂಡಿರುವುದು ನಿಜ. ಅದು ಬಿಡಿಸಿಕೊಳ್ಳುವವರೆಗೆ ಬೇಸಾಯ ಮಾಡುವುದಾದರೆ ಕೊಳ್ಳುವ ಮಾತು ಬೇರೆ. ಸಾಲ ತಂದು ಕಾಂಕ್ರೀಟು ಸುರಿಯುವ ಜಾಗ ಅದಲ್ಲ.

ಪ್ರಶ್ನೆ: ನಾವು ರಾಮದುರ್ಗ ತಾಲ್ಲೂಕಿನ ಮಲಪ್ರಭಾ ದಂಡೆಯ ಊರಿನವರು. 2019ರ ಆಗಸ್ಟಿನಲ್ಲಿ ನಮ್ಮ ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆ ಬಿದ್ದಿತು. ಪೂರ್ಣ ಹಾನಿಯೆಂದು 5 ಲಕ್ಷ ರೂಪಾಯಿ ಕಂತಿನಲ್ಲಿ ಬಂತು. ಗಾವಠಾಣದ (ಊರಿನ ವಾಸದ ನೆಲದ) ಅದೇ ಜಾಗದಲ್ಲಿ ಪಾಯಾ ಮಾತ್ರ ಹಾಕಿ ನಿಲ್ಲಿಸಿದ್ದೇವೆ. ಮುಂದುವರಿಸಬಹುದೇ? ಎಷ್ಟು ಎತ್ತರಕ್ಕೆ ಕಟ್ಟಬೇಕು?

ಉತ್ತರ: ಗಾವಠಾಣದ ಒಳಗಿನ ಸ್ವಂತ ಜಾಗವಾದ್ದರಿಂದ ಭೂಪರಿವರ್ತನೆಯ ಪ್ರಶ್ನೆ ಬರುವುದಿಲ್ಲ, ಪಂಚಾಯಿತಿಯ ಪರವಾನಗಿ ಸಾಕು. ಊರನ್ನೇ ಸ್ಥಳಾಂತರಿಸುವ ಆದೇಶ ಆಗಿದ್ದು, ಬದಲಿ ನಿವೇಶನವನ್ನು ನೀವು ಒಪ್ಪಿಕೊಂಡಿದ್ದರೆ ಮಾತ್ರ ಹಳೆಯ ಜಾಗದ ಹಕ್ಕು ಉಳಿದಿದೆಯೇ ಎಂಬುದನ್ನು ಆದೇಶದ ಷರತ್ತುಗಳಲ್ಲಿ ನೋಡಬೇಕು. 2009ರ ಪೂರದ ನಂತರ 'ಆಸರೆ' ಯೋಜನೆಯಲ್ಲಿ ಕಟ್ಟಿದ ಹೊಸ ಊರುಗಳಲ್ಲಿ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ನಿಂತದ್ದನ್ನು ಕಂಡಿದ್ದೇನೆ. ಎತ್ತು, ಎಮ್ಮೆ, ಹೊಟ್ಟು, ಕಣಿಕೆಗೆ ಜಾಗವಿಲ್ಲದ ಮನೆಯಲ್ಲಿ ಒಕ್ಕಲಿಗ ಹೇಗೆ ಇರಬೇಕು? ಜನ ಹಟದಿಂದ ಹಳೆಯ ಊರಿಗೆ ಮರಳಿದರೆಂದು ಬರೆಯುವವರು ಆ ಮನೆಗಳ ಹಿತ್ತಿಲನ್ನೊಮ್ಮೆ ಅಳೆದು ನೋಡಬೇಕು.

ಎತ್ತರದ ಬಗ್ಗೆ ನಿಮಗೆ ಖಚಿತವಾದ ಆಧಾರವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಪ್ರವಾಹ ಮಾರ್ಗಸೂಚಿಯಂತೆ ಮನೆಯ ಪ್ಲಿಂತ್ (ಪಾಯಾದ ಮೇಲಿನ ನೆಲಗಟ್ಟು) ನೀರಿನ ಮುಳುಗಡೆ ಗೆರೆಗಿಂತ 0.6 ಮೀಟರ್, ಅಂದರೆ ಎರಡು ಅಡಿ ಮೇಲಿರಬೇಕು. ಗಮನಿಸಿ, ರಸ್ತೆಗಿಂತ ಎರಡು ಅಡಿಯಲ್ಲ, ನೀರಿಗಿಂತ ಎರಡು ಅಡಿ. ನಮ್ಮಲ್ಲಿ ಗೌಂಡಿ 'ಪ್ಲಿಂತ್ ಎಷ್ಟು ಇಡಲಿ' ಎಂದು ಕೇಳಿದರೆ ಮನೆಯವರು ರಸ್ತೆ ನೋಡಿ ಉತ್ತರ ಕೊಡುತ್ತಾರೆ. ಅದೇ ಮಾರ್ಗಸೂಚಿ ಆಸ್ಪತ್ರೆ, ವಿದ್ಯುತ್ ಕೇಂದ್ರ, ನೀರು ಸರಬರಾಜಿನಂಥವು ನೂರು ವರ್ಷದ ಪೂರದ ಮಟ್ಟಕ್ಕಿಂತ ಮೇಲಿರಬೇಕೆಂದೂ, ಸರ್ಕಾರಿ ಕಚೇರಿ ಮತ್ತು ವಾಸದ ಬಡಾವಣೆಗಳು ಇಪ್ಪತ್ತೈದು ವರ್ಷದ ಪೂರದ ಮಟ್ಟಕ್ಕಿಂತ ಮೇಲಿರಬೇಕೆಂದೂ, ಪದೇಪದೇ ಮುಳುಗುವ ನೆಲವನ್ನು ಆಟದ ಬಯಲು, ಉದ್ಯಾನಗಳಿಗೆ ಬಿಡಬೇಕೆಂದೂ ವಿಂಗಡಿಸುತ್ತದೆ. ಇದು ಮಾರ್ಗಸೂಚಿ, ಕಾಯ್ದೆಯಲ್ಲ. ಪಂಚಾಯಿತಿ ನಿಮ್ಮನ್ನು ಒತ್ತಾಯಿಸಲಾರದು. ಆದರೆ ಮನೆ ನಿಮ್ಮದು.

ನಿಮ್ಮ ಹಳೆಯ ಮನೆ ಹೇಗೆ ಬಿತ್ತೆಂಬುದನ್ನು ನೆನಪಿಸಿಕೊಳ್ಳಿ. ಬಹುತೇಕ ಮಣ್ಣಿನ ಮನೆಗಳು ನೀರು ಏರುವಾಗ ಬೀಳಲಿಲ್ಲ. ನೀರು ಇಳಿದ ಮೇಲೆ, ಕೆಲವು ಎರಡು ಮೂರು ದಿನ ಕಳೆದು, ಜನ ಒಳಗೆ ಹೋಗಿ ರಾಡಿ ಬಳಿಯುತ್ತಿದ್ದಾಗ ಕುಸಿದವು. ಗೋಡೆಯ ಬುಡ ನೀರುಂಡು ಮೆತ್ತಗಾಗಿರುತ್ತದೆ, ಮೇಲೆ ಮೇಲ್ಮುದ್ದಿಯ ಮಣ್ಣು ನೆನೆದು ಭಾರವಾಗಿರುತ್ತದೆ. ಆದ್ದರಿಂದ ಹೊಸ ಮನೆಯಲ್ಲಿ ಭಾರವನ್ನು ಗೋಡೆಗೆ ಹೊರಿಸದೆ ಕಾಲಮ್ಮುಗಳಿಗೆ ಹೊರಿಸಿ. ಪಾಯಾ ಆಗಲೇ ಹಾಕಿದ್ದೀರೆಂದರೆ ಅದು ಗೋಡೆಯ ಪಾಯಾವೋ ಕಾಲಮ್ಮಿನದೋ ಎಂಬುದನ್ನು ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ನೆಲವಾದ್ದರಿಂದ ಆಳ ಸಾಲದಿದ್ದರೆ ಪೂರ ಬಾರದಿದ್ದರೂ ಗೋಡೆ ಸೀಳುತ್ತದೆ. ನೀರಿನ ಗೆರೆ ನಿಮ್ಮ ನೆಲಕ್ಕಿಂತ ಆರೇಳು ಅಡಿ ಮೇಲಿದ್ದು, ಪ್ಲಿಂತನ್ನು ಅಷ್ಟು ಏರಿಸುವುದು ಆಗದ ಮಾತಾದರೆ, ಕೆಳಗೆ ಕಾಲಮ್ಮುಗಳ ನಡುವೆ ದನದ ಕೊಟ್ಟಿಗೆ, ಮೇಲೆ ವಾಸದ ಕೋಣೆ ಎಂದು ಯೋಚಿಸಿ. ಹೊರಗಿನಿಂದ ಮಾಳಿಗೆಗೆ ಹತ್ತುವ ಪಾವಟಿಗೆ ಇರಲೇಬೇಕು. ವಿದ್ಯುತ್ ಮೀಟರು, ಸ್ವಿಚ್ಚುಗಳು ಗೆರೆಯ ಮೇಲೆ; ಶೌಚದ ಗುಂಡಿ ಬಾವಿ ಅಥವಾ ಬೋರಿನಿಂದ ದೂರ.

ಮಲಪ್ರಭೆಯ ಬಗ್ಗೆ ಇನ್ನೊಂದು ಮಾತು. ಇದು ವರ್ಷದ ಬಹುಕಾಲ ಬತ್ತಿರುವ ನದಿ. ಅದಕ್ಕೆ ಕಟ್ಟಿದ ನವಿಲುತೀರ್ಥ ಜಲಾಶಯ ಎಷ್ಟೋ ವರ್ಷ ತುಂಬದೆ ಉಳಿದದ್ದರಿಂದ ಕೆಳಗಿನ ಊರುಗಳಲ್ಲಿ ಕಬ್ಬು ನದಿಯ ಪಾತ್ರದೊಳಕ್ಕೇ ಇಳಿದಿದೆ. ತುಂಬಿದ ವರ್ಷ ಅದೇ ಕಿರಿದಾದ ಪಾತ್ರದಲ್ಲಿ ನೀರು ಹೋಗಲಾರದೆ ಊರಿನ ಕಡೆ ತಿರುಗುತ್ತದೆ. ನಿಮ್ಮ ಊರಿನ ಮೇಲ್ಭಾಗದಲ್ಲಿ ಹೀಗಾಗಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ, ನದಿಯ ಹದ್ದು ಅಳೆದು ಒತ್ತುವರಿ ತೆಗೆಸುವಂತೆ ತಹಶೀಲ್ದಾರರನ್ನು ಕೇಳಿ. ಭೂಕಂದಾಯ ಕಾಯ್ದೆಯ ಕಲಂ 104 ಅದಕ್ಕೆ ಅಧಿಕಾರ ಕೊಡುತ್ತದೆ. ಠರಾವಿಗೆ ಸಹಿ ಹಾಕಬೇಕಾದವರ ಕಬ್ಬೇ ಪಾತ್ರದಲ್ಲಿದ್ದರೆ ಕೆಲಸ ಕಷ್ಟ ಎಂಬುದೂ ನನಗೆ ಗೊತ್ತಿದೆ.

ಪ್ರಶ್ನೆ: ತಾಳಿಕೋಟೆ ಸಮೀಪ ಡೋಣಿ ಹೊಳೆಯ ಪಕ್ಕದ ನಮ್ಮ ಹೊಲದಲ್ಲಿ ತೊಗರಿ ಇಡಲು ಗೋದಾಮು ಕಟ್ಟಬೇಕೆಂದಿದ್ದೇವೆ. ಪಕ್ಕದ ಹೊಲದವರು ಆಗಲೇ ಗರಸು (ಮೊರಮು ಮಣ್ಣು) ತುಂಬಿಸಿ ತಮ್ಮ ನೆಲವನ್ನು ನಾಲ್ಕು ಅಡಿ ಏರಿಸಿಕೊಂಡಿದ್ದರಿಂದ ಮಳೆಯ ನೀರೆಲ್ಲ ನಮ್ಮಲ್ಲಿ ನಿಲ್ಲುತ್ತಿದೆ. ನಾವೂ ಏರಿಸಬೇಕೇ?

ಉತ್ತರ: ಸ್ವಂತ ಬೇಸಾಯದ ಉತ್ಪನ್ನ ಇಡಲು ಹೊಲಮನೆ, ಕಣಜ ಕಟ್ಟಿಕೊಳ್ಳುವುದು ಭೂಕಂದಾಯ ಕಾಯ್ದೆಯ ಕಲಂ 95ರ ಮೊದಲ ಭಾಗದಲ್ಲೇ ಒಕ್ಕಲಿಗರಿಗೆ ಇರುವ ಹಕ್ಕು. ಬೇರೆಯವರ ಮಾಲು ಬಾಡಿಗೆಗೆ ಇಡುವ ಗೋದಾಮಾದರೆ ಅದು ವ್ಯಾಪಾರ, ಪರಿವರ್ತನೆ ಬೇಕು.

ನೆರೆಹೊರೆಯವರು ಮಣ್ಣು ತುಂಬಿ ನೆಲ ಏರಿಸುವ ಭರಾವಿನ ಬಗ್ಗೆ ಕಾನೂನು ಹಳೆಯದು, ಸ್ಪಷ್ಟವಾದದ್ದು. 1882ರ ಸುಖಾನುಭೋಗ (ಈಸ್‌ಮೆಂಟ್) ಕಾಯ್ದೆಯ ಕಲಂ 7ರ ಉದಾಹರಣೆಯಂತೆ ಮೇಲಿನ ನೆಲದಲ್ಲಿ ಸಹಜವಾಗಿ ಬಿದ್ದ ನೀರು ಕೆಳಗಿನ ನೆಲಕ್ಕೆ ಸಹಜವಾಗಿ ಹರಿಯಲು ಕೆಳಗಿನವರು ಬಿಡಬೇಕು. ನಿಮ್ಮ ಹೊಲ ಮೊದಲಿನಿಂದ ಮೇಲಿದ್ದು, ಪಕ್ಕದವರು ತಮ್ಮ ತಗ್ಗನ್ನು ಏರಿಸಿ ನಿಮ್ಮ ನೀರನ್ನು ತಡೆದಿದ್ದರೆ ದಿವಾಣಿ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬಹುದು. ಮೊದಲಿನಿಂದಲೂ ನೀವೇ ತಗ್ಗಿನಲ್ಲಿದ್ದರೆ ನಿಮ್ಮ ವಾದ ಸಡಿಲವಾಗುತ್ತದೆ, ಆದರೆ ಅವರು ಹಳ್ಳದ ದಾರಿಯನ್ನೇ ಮುಚ್ಚಿದ್ದರೆ ಅದು ಸರ್ಕಾರಿ ಪಾತ್ರದ ಒತ್ತುವರಿ, ತಹಶೀಲ್ದಾರರಿಗೆ ದೂರು ಕೊಡಿ. ದೂರಿಗೆ ಮುನ್ನ ಮಳೆ ಬಂದ ದಿನದ ಫೋಟೋ, ಹಳೆಯ ಬದುವಿನ ಗುರುತು, ಮೋಜಣಿ ನಕ್ಷೆ ಜೋಡಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು ಇಬ್ಬರೂ ಕೂತು ಬದುವಿನ ಗುಂಟ ಒಂದು ಕಾಲುವೆ ತೋಡಿಸುವ ಮಾತಾಡಿ. ಎರಡು ದಿನದ ಜೆಸಿಬಿ ಬಾಡಿಗೆ ಹತ್ತು ವರ್ಷದ ದಾವೆಗಿಂತ ಅಗ್ಗ.

ನೀವೂ ಏರಿಸುವುದು ಪರಿಹಾರವಲ್ಲ. ಮುಂದಿನ ಹೊಲದವರು ಇದೇ ಪ್ರಶ್ನೆ ಬರೆದು ಕಳುಹಿಸುತ್ತಾರೆ, ಅಷ್ಟೇ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂದು ಹಿರಿಯರು ಹೇಳಿದ್ದು ಆ ಹೊಳೆ ತನ್ನ ಹೂಳನ್ನು ಬಯಲಿಗೆ ಹರಡುತ್ತದೆ ಎಂಬ ಕಾರಣಕ್ಕೆ. ಹೂಳು ಹೊತ್ತು ಪಾತ್ರ ಬದಲಿಸುವ ಹೊಳೆಯ ಪಕ್ಕ ಗೋದಾಮಿಗೆ ಹೊಲದ ಅತಿ ಎತ್ತರದ ಮೂಲೆಯನ್ನೇ ಆರಿಸಿ, ನೆಲಕ್ಕೆ ಭರಾವು ಹಾಕದೆ ಕಲ್ಲಿನ ಕಂಬಗಳ ಮೇಲೆ ಅಟ್ಟ ಕಟ್ಟಿ ಚೀಲ ಇಡಿ. ಅಡಿಯಲ್ಲಿ ನೀರು ಹಾದುಹೋಗಲಿ.

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ಪರವಾನಗಿ ಪಡೆದೇ ಕಟ್ಟಿದ ಮನೆ ನಮ್ಮದು. ಪೂರದ ನಷ್ಟಕ್ಕೆ ಸರ್ಕಾರದ ಪರಿಹಾರ ಬರುವುದರಿಂದ ವಿಮೆ ಬೇಕೇ?

ಉತ್ತರ: ಬೇಕು. 2019ರ 5 ಲಕ್ಷ ಆಗಿನ ರಾಜ್ಯ ಸರ್ಕಾರದ ವಿಶೇಷ ನಿರ್ಧಾರವಾಗಿತ್ತು; ಪ್ರತಿ ಪೂರಕ್ಕೂ ಅದೇ ಮೊತ್ತ ಎಂಬ ಹಕ್ಕು ಯಾರಿಗೂ ಇಲ್ಲ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಬಯಲುಸೀಮೆಯ ಪೂರ್ಣ ಹಾನಿಯಾದ ಮನೆಗೆ ಇದ್ದದ್ದು 1.20 ಲಕ್ಷ ರೂಪಾಯಿ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಇದ್ದು, ಪ್ರವಾಹದ ಹಾನಿ ಅದರಲ್ಲಿ ಸೇರಿದೆ. ಮನೆಯೊಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಮೊತ್ತವನ್ನು ಜಾಗದ ಬೆಲೆ ಸೇರಿಸದೆ, ಮನೆಯನ್ನು ಈಗ ಮತ್ತೆ ಕಟ್ಟಲು ತಗಲುವ ಖರ್ಚಿನ ಮೇಲೆ ನಿಗದಿಪಡಿಸಿ. ಪರವಾನಗಿ ಪತ್ರ, ನಕ್ಷೆ ಮತ್ತು ಪಾಲಿಸಿಯ ಪ್ರತಿಗಳನ್ನು ಟ್ರಂಕಿನಲ್ಲಿಡುವ ಬದಲು ಫೋಟೋ ತೆಗೆದು ಹೊಳೆಸಾಲಿನಲ್ಲಿ ಇಲ್ಲದ ಬೀಗರಿಗೆ ಕಳುಹಿಸಿಡಿ.